ಎಳೆಯರ ಉಸಿರು: ತೀವ್ರ ನಿಗಾ ಘಟಕದ ಆರೈಕೆ ಮತ್ತು ನಮ್ಮ ಎಚ್ಚರ

ಶ್ವಾಸರೋಗವು ಅತಿ ಶೀಘ್ರವಾಗಿ ಪ್ರಾಣಾಪಾಯವನ್ನು ತಂದೊಡ್ಡಬಲ್ಲದೆಂದು ಚರಕಸಂಹಿತೆಯ ಚಿಕಿತ್ಸಾಸ್ಥಾನವು ಎಚ್ಚರಿಸಿದೆ. ಎಳೆಯ ಮಕ್ಕಳ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಸತ್ಯ. 8 ಮಿಲಿಮೀಟರ್ ವ್ಯಾಸದ ಶ್ವಾಸನಾಳದ ಒಳಗೋಡೆಯು ಸುತ್ತಲೂ 1 ಮಿಲಿಮೀಟರಿನಷ್ಟು ಬಾತುಕೊಂಡರೆ ಗಾಳಿಯ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತದೆ. ಶಿಶುವಿನ 4 ಮಿಲಿಮೀಟರ್ ವ್ಯಾಸದ ನಾಳದಲ್ಲಿ ಅಷ್ಟೇ ಬಾವು ಬಂದರೆ ಉಳಿಯುವುದು ಕಾಲುಭಾಗ ಮಾತ್ರ. ಆದುದರಿಂದಲೇ ಬೆಳಿಗ್ಗೆ ಬರಿಯ ನೆಗಡಿಯಂತೆ ಕಂಡದ್ದು ರಾತ್ರಿಯೊಳಗೆ ಗಂಡಾಂತರವಾಗಬಹುದು.

ಇಂತಹ ಮಕ್ಕಳ ತೀವ್ರ ನಿಗಾ ಘಟಕಗಳಲ್ಲಿ ವೈದ್ಯರು ಮತ್ತು ದಾದಿಯರೊಡನೆ ರೆಸ್ಪಿರೇಟರಿ ಥೆರಪಿಸ್ಟ್ ಎಂದು ಕರೆಯಲಾಗುವ ಉಸಿರಾಟ ಚಿಕಿತ್ಸಕರೂ ಕೆಲಸ ಮಾಡುತ್ತಾರೆ. ಅಮೆರಿಕದಲ್ಲಿ ಬೆಳೆದುಬಂದ ಈ ವೃತ್ತಿಗೆ ನಮ್ಮ ಮಣಿಪಾಲದಲ್ಲಿಯೂ ಪದವಿ ಶಿಕ್ಷಣವಿದೆ. ವೈದ್ಯರು ಮುಂಚಿತವಾಗಿ ಒಪ್ಪಿ ಬರೆದಿಟ್ಟ ಕ್ರಮವನ್ನು ಅನುಸರಿಸಿ, ಪ್ರತಿ ಹೆಜ್ಜೆಗೂ ಹೊಸ ಆದೇಶಕ್ಕಾಗಿ ಕಾಯದೆ, ಈ ಚಿಕಿತ್ಸಕರು ಆರೈಕೆಯನ್ನು ಹೆಚ್ಚಿಸುತ್ತಾರೆ ಅಥವಾ ತಗ್ಗಿಸುತ್ತಾರೆ. ಈ ಲಿಖಿತ ಕ್ರಮಕ್ಕೆ ಪ್ರೋಟೋಕಾಲ್ ಎಂದು ಹೆಸರು.

ಉಬ್ಬಸದಿಂದ ಬಳಲುವ ಮಗುವಿನ ಉದಾಹರಣೆಯನ್ನೇ ನೋಡೋಣ. ಉಸಿರಿನ ವೇಗ, ಪಕ್ಕೆಗಳ ಸೆಳೆತ, ಎದೆಯ ಸದ್ದು, ರಕ್ತದಲ್ಲಿನ ಆಮ್ಲಜನಕ ಮುಂತಾದವುಗಳಿಗೆ ಅಂಕ ಕೊಡಲಾಗುತ್ತದೆ. ಅಂಕ ಹೆಚ್ಚಿದ್ದರೆ ಸಾಲ್ಬುಟಮಾಲ್ ಔಷಧವನ್ನು ನೆಬ್ಯುಲೈಸರಿನ ಮೂಲಕ ಮೇಲಿಂದ ಮೇಲೆ ಕೊಡುತ್ತಾರೆ. ಅಂಕ ಇಳಿದಂತೆ ಅಂತರವನ್ನು ಹೆಚ್ಚಿಸುತ್ತಾರೆ. ಇಳಿಯದಿದ್ದರೆ ಅಥವಾ ಮಗು ಮಂಕಾದರೆ ತಕ್ಷಣ ವೈದ್ಯರನ್ನು ಕರೆಯಬೇಕೆಂಬುದೂ ಅದರಲ್ಲಿಯೇ ಬರೆದಿರುತ್ತದೆ.

ವೆಂಟಿಲೇಟರ್ ಯಂತ್ರವು ಜೀವ ಉಳಿಸುವುದು ನಿಜ. ಆದರೆ ದಿನ ಕಳೆದಂತೆ ಸೋಂಕಿನ ಭಯವೂ ಉಸಿರಾಟದ ಸ್ನಾಯುಗಳ ದೌರ್ಬಲ್ಯವೂ ಹೆಚ್ಚುತ್ತವೆ. ಆದ್ದರಿಂದ ಮಗು ತಾನಾಗಿ ಉಸಿರಾಡಬಲ್ಲುದೇ ಎಂದು ಪ್ರತಿದಿನವೂ ಪರೀಕ್ಷಿಸಲಾಗುತ್ತದೆ. ಬ್ರಿಟನ್ನಿನ 18 ಮಕ್ಕಳ ನಿಗಾ ಘಟಕಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂತಹ ಕ್ರಮದಿಂದ ಯಂತ್ರದ ಅವಧಿ ತುಸು ಕಡಿಮೆಯಾಯಿತು. ಲಾಭ ಸಣ್ಣದು, ಪವಾಡವಲ್ಲ.

ಈ ವ್ಯವಸ್ಥೆಯೆಲ್ಲ ಫಲಿಸುವುದು ಮಗು ಸಕಾಲದಲ್ಲಿ ಆಸ್ಪತ್ರೆಯನ್ನು ತಲುಪಿದಾಗ. ಹೆತ್ತವರು ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದಿದೆ. ಮಗು ಶಾಂತವಾಗಿರುವಾಗ ಅಂಗಿ ಸರಿಸಿ, ಪೂರ್ತಿ 1 ನಿಮಿಷ ಉಸಿರನ್ನು ಎಣಿಸಬೇಕು. 2 ತಿಂಗಳೊಳಗಿನ ಶಿಶುವಿಗೆ 60, 2ರಿಂದ 12 ತಿಂಗಳೊಳಗೆ 50, 1ರಿಂದ 5 ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಂದೇ ವೈದ್ಯರಿಗೆ ತೋರಿಸಬೇಕು. ಉಸಿರೆಳೆದಾಗ ಎದೆಯ ಕೆಳಭಾಗ ಒಳಸೇರುವುದು, ನರಳುವ ಸದ್ದು, ತುಟಿ ನೀಲಿಯಾಗುವುದು, ಹಾಲು ಕುಡಿಯಲಾಗದಿರುವುದು ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಹೊಟ್ಟೆಗೆ ಬರೆ ಹಾಕಿಸುವುದು, ಮೂಗಿಗೆ ಎಣ್ಣೆ ಬಿಡುವುದು, ಕಷಾಯ ಕುಡಿಸಿ ಬೆಳಗಾಗಲೆಂದು ಕಾಯುವುದು ಸರ್ವಥಾ ಸಲ್ಲದು. ಉಸಿರಿಗಾಗಿ ಪರದಾಡುವ ಮಗುವಿಗೆ ಆಯುರ್ವೇದ ವೈದ್ಯನಾದ ನಾನೂ ಹೇಳುವ ಮೊದಲ ಮದ್ದು ಆಮ್ಲಜನಕವೇ. ಪಥ್ಯ, ಬಲವರ್ಧಕ ಔಷಧಗಳೆಲ್ಲ ಮಗು ಚೇತರಿಸಿಕೊಂಡು ಮನೆಗೆ ಬಂದ ಮೇಲಿನ ಮಾತು.