ದರ್ಜೆ ಇಳಿದ ಬಾಂಡು ಅಗ್ಗವಾಗುವುದೇಕೆ?

ಕಂಪನಿಯ ಬಾಂಡು ಕೊಂಡಿರಿ ಎಂದರೆ ಆ ಕಂಪನಿಗೆ ಸಾಲ ಕೊಟ್ಟಿರಿ ಎಂದೇ ಅರ್ಥ. ಸಾಲ ವಾಪಸ್ ಬರುವ ಭರವಸೆ ಎಷ್ಟೆಂದು ರೇಟಿಂಗ್ ಸಂಸ್ಥೆಗಳು ಅಳೆಯುತ್ತವೆ. ಸ್ಟ್ಯಾಂಡರ್ಡ್ ಅಂಡ್ ಪೂರ್ಸ್‌ನ ಏಣಿಯಲ್ಲಿ ಬಿಬಿಬಿ ಮೈನಸ್ ಎಂಬುದು ಹೂಡಿಕೆ ದರ್ಜೆಯ ಕೊನೆಯ ಮೆಟ್ಟಿಲು. ಅಲ್ಲಿಂದ ಒಂದು ಮೆಟ್ಟಿಲು ಜಾರಿದರೆ ಬಾಂಡು ‘ಜಂಕ್’. ಹೀಗೆ ಮೇಲಿಂದ ಬಿದ್ದವಕ್ಕೆ ಅಮೆರಿಕದ ಮಾರುಕಟ್ಟೆಯವರು ‘ಫಾಲನ್ ಏಂಜೆಲ್’ ಎನ್ನುತ್ತಾರೆ.

ಒಂದು ಮೆಟ್ಟಿಲು ಇಳಿದ ಮಾತ್ರಕ್ಕೆ ಕಂಪನಿಯ ಕಾರ್ಖಾನೆಯೇನೂ ರಾತ್ರೋರಾತ್ರಿ ಬದಲಾಗುವುದಿಲ್ಲ. ಬದಲಾಗುವುದು, ಆ ಬಾಂಡನ್ನು ಯಾರು ಇಟ್ಟುಕೊಳ್ಳಬಹುದು ಎಂಬುದು. ಹೂಡಿಕೆ ದರ್ಜೆಯ ಸೂಚ್ಯಂಕವನ್ನು ಅನುಸರಿಸುವ ಫಂಡುಗಳು ಅದನ್ನು ಮಾರಬೇಕು. ವಿಮಾ ಕಂಪನಿಗಳು ಇಟ್ಟುಕೊಂಡರೆ ಹೆಚ್ಚು ಬಂಡವಾಳ ತೆಗೆದಿಡಬೇಕು. ಹಾಗಾಗಿ ದರ್ಜೆ ಇಳಿಯುವ ಸುಳಿವು ಸಿಕ್ಕಾಗಲೇ ಮಾರುವವರು ಮುಗಿಬೀಳುತ್ತಾರೆ, ಬೆಲೆ ಕೆಲವೊಮ್ಮೆ ಅಗತ್ಯಕ್ಕಿಂತ ಹೆಚ್ಚೇ ಕುಸಿಯುತ್ತದೆ.

ಒಂದು ಲೆಕ್ಕ ಹಾಕೋಣ. ಮುಖಬೆಲೆ 1000 ಡಾಲರ್, ಬಡ್ಡಿ ಶೇ. 5, ಉಳಿದ ಅವಧಿ 5 ವರ್ಷ. ಇದು ನಿಮಗೆ 850ಕ್ಕೆ ಸಿಕ್ಕಿತೆನ್ನಿ. ವರ್ಷಕ್ಕೆ 50 ಡಾಲರ್ ಬಡ್ಡಿ ಬರುತ್ತದೆ, ಕೊನೆಗೆ ಪೂರ್ತಿ 1000 ಬರುತ್ತದೆ. ಎರಡೂ ಸೇರಿದರೆ ವರ್ಷಕ್ಕೆ ಸುಮಾರು ಶೇ. 8.8 ಗಳಿಕೆ. ಆದರೆ ಇದೆಲ್ಲ ಕಂಪನಿ ಉಳಿದರೆ ಮಾತ್ರ. ಹೊಸಬರು ಎಡವುವುದು ಈ ‘ಉಳಿದರೆ’ಯಲ್ಲೇ.

2005ರ ಮೇ ತಿಂಗಳಲ್ಲಿ ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ಸಂಸ್ಥೆ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಎರಡನ್ನೂ ಒಂದೇ ದಿನ ಜಂಕ್‌ಗೆ ಇಳಿಸಿತು. ಒಂದೇ ಉದ್ಯಮ, ಒಂದೇ ಊರಿನ ಆಸುಪಾಸು, ಆದರೆ ಮುಂದಿನ ದಾರಿ ಬೇರೆ ಬೇರೆ. ಮರುವರ್ಷ ಫೋರ್ಡ್ ಕಾರ್ಖಾನೆಗಳನ್ನಷ್ಟೇ ಅಲ್ಲ, ತನ್ನ ನೀಲಿ ಲಾಂಛನವನ್ನೂ ಅಡವಿಟ್ಟು 2300 ಕೋಟಿ ಡಾಲರ್‌ಗೂ ಹೆಚ್ಚು ಸಾಲ ಎತ್ತಿತು. 2008ರ ಆರ್ಥಿಕ ಬಿಕ್ಕಟ್ಟನ್ನು ಆ ಹಣದಲ್ಲೇ ದಾಟಿ 2012ರಲ್ಲಿ ಹೂಡಿಕೆ ದರ್ಜೆಗೆ ಮರಳಿತು. ಜನರಲ್ ಮೋಟಾರ್ಸ್ 2009ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಅದರ ಬಾಂಡುದಾರರಿಗೆ ನಗದಿನ ಬದಲು ಸಿಕ್ಕಿದ್ದು ಹೊಸ ಕಂಪನಿಯ ಶೇ. 10ರಷ್ಟು ಷೇರು ಮತ್ತು ಒಂದಿಷ್ಟು ವಾರಂಟು, ಅಂದರೆ ಮುಂದೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು. (ಫೋರ್ಡ್ 2020ರಲ್ಲಿ ಮತ್ತೆ ಬಿತ್ತು, 2023ರಲ್ಲಿ ಮತ್ತೆ ಎದ್ದಿತು. ಈ ಕಂಪನಿಗೆ ಏಣಿಯ ಮೇಲೆ ಓಡಾಟ ಜಾಸ್ತಿ.)

ಆದ್ದರಿಂದ ಕೊಳ್ಳುವ ಮುನ್ನ ರೇಟಿಂಗ್‌ಗಿಂತ ಮೊದಲು ಎರಡು ವಿಷಯ ನೋಡಿ: ಮುಂದಿನ ಎರಡು-ಮೂರು ವರ್ಷಗಳಲ್ಲಿ ಕಂಪನಿ ತೀರಿಸಬೇಕಾದ ಸಾಲವೆಷ್ಟು, ಕೈಯಲ್ಲಿರುವ ನಗದೆಷ್ಟು. ಅಡಮಾನ ಇಟ್ಟುಕೊಂಡು ಸಾಲ ಕೊಟ್ಟವರು ಎಷ್ಟು ಜನ ನಿಮಗಿಂತ ಮುಂದಿದ್ದಾರೆ ಎಂಬುದನ್ನೂ ಕೇಳಿ. ಲಾಂಛನ ಅಡವಿಟ್ಟು ಫೋರ್ಡ್ ಉಳಿಯಿತು ನಿಜ, ಆದರೆ ಅಂದು ಅದರ ಹಳೆಯ ಬಾಂಡುದಾರರು ಸಾಲಿನಲ್ಲಿ ಹಿಂದೆ ಸರಿದಿದ್ದರು. ಇಷ್ಟೆಲ್ಲ ನೋಡಲಾಗದವರಿಗೆ ಇಂಥ ಬಾಂಡುಗಳನ್ನು ದೊಡ್ಡ ಸಂಖ್ಯೆಯಲ್ಲಿ ಹಿಡಿದಿಡುವ ಫಂಡುಗಳು ಅಮೆರಿಕದಲ್ಲಿವೆ. ವ್ಯಾನ್‌ಎಕ್ ಎಂಬ ಹೂಡಿಕೆ ಸಂಸ್ಥೆಯದು 2012ರಿಂದ ಇದೆ.

ಇದೇ ಸೂತ್ರ ಹಿಡಿದು ಭಾರತದಲ್ಲಿ ಬೇಟೆಗೆ ಹೊರಡಬೇಡಿ. ನಮ್ಮಲ್ಲಿ ಜಂಕ್ ಎನಿಸುವ ಬಿಬಿ ದರ್ಜೆಯ ಬಾಂಡಿಗೆ ಕೊಳ್ಳುವವರೇ ಕಡಿಮೆ. ದರ್ಜೆ ಒಮ್ಮೆಲೇ ತಳಕ್ಕೆ ಕುಸಿಯುವುದೂ ಉಂಟು: ಹಣಕಾಸು ಕಂಪನಿ ಐಎಲ್ ಅಂಡ್ ಎಫ್‌ಎಸ್‌ನ ಸಾಲಪತ್ರಗಳು 2018ರ ಆಗಸ್ಟ್‌ನಲ್ಲಿ ಇನ್ನೂ ಉನ್ನತ ದರ್ಜೆಯಲ್ಲಿದ್ದವು. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ‘ಡಿ’, ಅಂದರೆ ಬಾಕಿ ತಪ್ಪಿದ ದರ್ಜೆಗೆ ಬಂದಿದ್ದವು.