ಮತ್ತಿನ ಸೂಜಿಯೂ ಕಾನೂನಿನ ಕಣ್ಣಲ್ಲಿ ಬೇಟೆಯೇ

ಪ್ರಶ್ನೆ: ನಮ್ಮ ಹೊಲ ಲಿಂಗಸುಗೂರಿನಿಂದ ಮಸ್ಕಿಗೆ ಹೋಗೋ ದಾರ್ಯಾಗ ಐತ್ರಿ. ಕಡ್ಲಿ, ತೊಗರಿ ಚಿಗತಾಗ ಚಿಗರಿ ಹಿಂಡು ಬಂದು ಮೇಯ್ದು ಹೋಗ್ತಾವ. ಗುಡ್ಡದ ಕಡೆ ಚಿರತಿ ಅಡ್ಡಾಡತೈತಿ ಅಂತನೂ ಸುದ್ದಿ. ಸಿಂಧನೂರಿನ ನಮ್ಮ ಬೀಗರ ಹತ್ರ ಲೈಸೆನ್ಸ್ ಬಂದೂಕು ಐತಿ. ‘ಕೊಂದರ ತಪ್ಪು. ಮತ್ತು ಬರೋ ಇಂಜೆಕ್ಷನ್ ಹೊಡೆದು ಹಿಡಿದು ಫಾರೆಸ್ಟಿನವರಿಗೆ ಒಪ್ಪಿಸಿದರ ಏನೂ ಆಗೋದಿಲ್ಲ’ ಅಂತಾರ ಅವರು. ಖರೇ ಏನ್ರಿ?
– ಒಬ್ಬ ರೈತ, ಲಿಂಗಸುಗೂರು ತಾಲ್ಲೂಕು

ಉತ್ತರ: ಖರೇ ಅಲ್ಲ. ಕೇಸ್ ಆಗುತ್ತದೆ, ಅದೂ ಬೇಟೆಯ ಕೇಸೇ.

ಬೇಟೆ ಅಂದರೆ ಕೊಲ್ಲುವುದು ಎಂದಷ್ಟೇ ನಿಮ್ಮ ಬೀಗರು ತಿಳಿದಂತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾಗೆ ತಿಳಿದಿಲ್ಲ. ಅದರ 2ನೇ ಕಲಂ ಪ್ರಕಾರ ಕೊಲ್ಲುವುದು, ವಿಷ ಹಾಕುವುದರ ಜೊತೆಗೆ ಹಿಡಿಯುವುದು, ಉರುಲು ಒಡ್ಡುವುದು, ಅಟ್ಟುವುದು, ಆಮಿಷ ಇಡುವುದು, ಗಾಯ ಮಾಡುವುದು ಎಲ್ಲವೂ ಬೇಟೆ. ಅದಕ್ಕೆ ಮಾಡುವ ಪ್ರಯತ್ನವೂ ಬೇಟೆ. ಸೂಜಿ ಗುರಿ ತಪ್ಪಿ ಚಿಗರಿ ಓಡಿಹೋದರೂ ಅಪರಾಧ ಅಪರಾಧವೇ.

ಚಿಗರಿ, ಅಂದರೆ ಕೃಷ್ಣಮೃಗ, ಮತ್ತು ಚಿರತೆ ಎರಡೂ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಇವುಗಳ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ ಕನಿಷ್ಠ 25,000 ರೂಪಾಯಿ. ಬಳಸಿದ ಬಂದೂಕು, ವಾಹನ ಜಪ್ತಿಯಾಗಿ ಸರ್ಕಾರದ ಪಾಲಾಗಬಹುದು. ಲೈಸೆನ್ಸ್ ಇದೆಯೆಂಬ ಮಾತು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ಬಂದೂಕು ಇಟ್ಟುಕೊಳ್ಳಲು ಕೊಟ್ಟದ್ದು. ಬೇಟೆಗೆ ಲೈಸೆನ್ಸ್ ಕೊಡುವ ಪದ್ಧತಿ 1991ರ ತಿದ್ದುಪಡಿಯಲ್ಲೇ ಮುಗಿದುಹೋಯಿತು.

ಹಾಗಾದರೆ ಸೂಜಿ ಹೊಡೆಯಲು ಯಾರಿಗೆ ಅಧಿಕಾರ? 11ನೇ ಕಲಂ ಒಂದು ದಾರಿ ಇಟ್ಟಿದೆ. ಒಂದನೇ ಅನುಸೂಚಿಯ ಪ್ರಾಣಿ ಮನುಷ್ಯರ ಜೀವಕ್ಕೆ ಅಪಾಯವಾಗಿದ್ದರೆ, ಅಥವಾ ಮತ್ತೆ ಚೇತರಿಸಿಕೊಳ್ಳದಷ್ಟು ಗಾಯ, ರೋಗಕ್ಕೆ ತುತ್ತಾಗಿದ್ದರೆ, ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ಬರೆದು ಲಿಖಿತ ಆದೇಶ ಕೊಡಬಹುದು. ಹಿಡಿಯುವುದು, ಅರಿವಳಿಕೆ ಕೊಡುವುದು, ಬೇರೆಡೆಗೆ ಸಾಗಿಸುವುದು ಯಾವುದೂ ಸಾಧ್ಯವಿಲ್ಲ ಎಂದು ಮನದಟ್ಟಾಗದೆ ಕೊಲ್ಲಲು ಅವರೂ ಆದೇಶಿಸುವಂತಿಲ್ಲ.

ಇಲ್ಲಿ ರೈತರು ಗಮನಿಸಬೇಕಾದ ಒಂದು ಮಾತಿದೆ. ಒಂದನೇ ಅನುಸೂಚಿಯ ಪ್ರಾಣಿಗೆ ಬೆಳೆ ಹಾನಿ ಒಂದು ಕಾರಣವೇ ಅಲ್ಲ. ನಿಂತ ಬೆಳೆಗೆ ನಷ್ಟ ಎಂಬ ಕಾರಣಕ್ಕೆ ಆದೇಶ ಹೊರಡಿಸಲು ಅವಕಾಶವಿರುವುದು ಕಾಡುಹಂದಿಯಂಥ ಎರಡನೇ ಅನುಸೂಚಿಯ ಪ್ರಾಣಿಗಳಿಗೆ. ಅದಕ್ಕೂ ಅಧಿಕಾರಿಯ ಲಿಖಿತ ಅನುಮತಿ ಬೇಕು. ಚಿಗರಿ ಹಿಂಡನ್ನು ಬೇರೆಡೆಗೆ ಸಾಗಿಸಬೇಕೆಂದರೆ 12ನೇ ಕಲಂ ಪ್ರಕಾರ ಕೇಂದ್ರ ಸರ್ಕಾರದ ಪೂರ್ವಾನುಮತಿ ಪಡೆಯಬೇಕು. ಹೊಲದ ಬದುವಿನ ಮೇಲೆ ನಿಂತು ತೀರ್ಮಾನಿಸುವ ಕೆಲಸ ಇದಲ್ಲ.

ಇನ್ನು ಬೇಟೆಗಾರರ ಮಾತು. 11ನೇ ಕಲಂ ‘ಯಾವುದೇ ವ್ಯಕ್ತಿಗೆ’ ಅನುಮತಿ ಕೊಡಬಹುದು ಎನ್ನುತ್ತದೆ. ಖಾಸಗಿ ಗುರಿಕಾರರನ್ನು ಕರೆಸಿದ ಉದಾಹರಣೆಗಳೂ ಇವೆ. ಅದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ‘ಅವನಿ’ ಹೆಣ್ಣುಹುಲಿಯ ಪ್ರಕರಣ ನೋಡಬೇಕು. ಮೊದಲು ಅರಿವಳಿಕೆ, ಅದು ಕೈಗೂಡದಿದ್ದರಷ್ಟೇ ಗುಂಡು ಎಂದು ಆದೇಶವಿತ್ತು. 2018ರ ನವೆಂಬರ್ 2ರ ರಾತ್ರಿ ಹೈದರಾಬಾದಿನ ಹೆಸರಾಂತ ಬೇಟೆಗಾರರೊಬ್ಬರ ಮಗನ ಗುಂಡಿಗೆ ಅದು ಸತ್ತಿತು. ಮೈಮೇಲೆ ಅರಿವಳಿಕೆಯ ಡಾರ್ಟ್ ಇತ್ತು. ಸ್ಥಳದಲ್ಲಿ ಪಶುವೈದ್ಯರು ಇರಲಿಲ್ಲ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ತನಿಖಾ ತಂಡ, ಶಸ್ತ್ರಾಸ್ತ್ರ ಕಾಯ್ದೆ, 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಮತ್ತು ಪ್ರಾಧಿಕಾರದ ಕಾರ್ಯವಿಧಾನ ಮೂರೂ ಉಲ್ಲಂಘನೆಯಾಗಿವೆ ಎಂದು ವರದಿ ಕೊಟ್ಟಿತು. 24 ಗಂಟೆಯೊಳಗೆ ಬಳಸಬೇಕಾದ ಮದ್ದು 56 ಗಂಟೆ ಹಳೆಯದಾಗಿತ್ತು ಎಂದೂ ಅದು ಹೇಳಿತು. ಆದೇಶ ಕೈಯಲ್ಲಿದ್ದವರಿಗೇ ಇಷ್ಟು ಪ್ರಶ್ನೆ ಎದುರಾದರೆ, ಆದೇಶವೇ ಇಲ್ಲದವರ ಪಾಡೇನು?

ಪಶುವೈದ್ಯರು ಬೇಕೇಬೇಕು ಅನ್ನುವುದು ಕಾಗದದ ಮೇಲಿನ ಶಾಸ್ತ್ರವಲ್ಲ. ಚಿರತೆಗೆ ಸಾಮಾನ್ಯವಾಗಿ ಕೊಡುವುದು ಕೆಟಮಿನ್ ಮತ್ತು ಕ್ಸೈಲಜಿನ್ ಬೆರಕೆ. ಕೆಟಮಿನ್ 2011ರಿಂದ ಮಾದಕವಸ್ತು ತಡೆ ಕಾಯ್ದೆಯಡಿ ಇದೆ. ಲೆಕ್ಕವಿಲ್ಲದೆ ಮನೆಯಲ್ಲಿಟ್ಟುಕೊಂಡರೆ ಅದೇ ಬೇರೆ ಕೇಸು. ಪ್ರಾಣಿಯ ತೂಕ ಅಂದಾಜಿಸಿ ಮದ್ದು ತುಂಬಬೇಕು. ಹೆಚ್ಚಾದರೆ ಉಸಿರು ನಿಲ್ಲುತ್ತದೆ, ಕಡಿಮೆಯಾದರೆ ಅರೆಮಂಪರಿನಲ್ಲಿ ಎದ್ದು ಮೇಲೆ ಬೀಳುತ್ತದೆ. ಡಾರ್ಟ್ ತೊಡೆ ಅಥವಾ ಭುಜದ ದಪ್ಪ ಮಾಂಸಕ್ಕೇ ನಾಟಬೇಕು. ಹೊಟ್ಟೆಗೆ, ಪಕ್ಕೆಲುಬಿನ ನಡುವೆ ಬಿದ್ದರೆ ಸೂಜಿಯೇ ಜೀವ ತೆಗೆಯಬಹುದು. ನಾಟಿದ ತಕ್ಷಣ ಪ್ರಾಣಿ ಉರುಳುವುದೂ ಇಲ್ಲ. ಮತ್ತೇರಲು ಹಲವು ನಿಮಿಷ ಹಿಡಿಯುತ್ತದೆ, ಅಷ್ಟರಲ್ಲಿ ಅದು ಓಡಿ ಬಾವಿಗೋ ಕಾಲುವೆಗೋ ಬೀಳಬಹುದು. ಕೆಟಮಿನ್‌ನಲ್ಲಿ ಕಣ್ಣು ತೆರೆದೇ ಇರುವುದರಿಂದ ಮುಲಾಮು ಹಚ್ಚಿ ಬಟ್ಟೆ ಕಟ್ಟಬೇಕು. ನಮ್ಮ ರಾಯಚೂರು ಸೀಮೆಯ 40 ಡಿಗ್ರಿ ಬಿಸಿಲಿನಲ್ಲಿ ಮೈಕಾವು ಏರದಂತೆ ನೀರು ಸುರಿಯುತ್ತ, ಉಸಿರು ಎಣಿಸುತ್ತ, ಮತ್ತು ಇಳಿಸುವ ಮದ್ದು ಸಿದ್ಧವಿಟ್ಟುಕೊಂಡು ಕೂರಬೇಕು.

ಚಿಗರಿಯದು ಇನ್ನೂ ನಾಜೂಕು. ಬೆನ್ನಟ್ಟಿದ ಗಾಬರಿಗೇ ಅದರ ಸ್ನಾಯುಗಳು ಒಳಗೇ ಹಾಳಾಗಿ, ಹಿಡಿದಾಗ ಚೆನ್ನಾಗಿದ್ದ ಪ್ರಾಣಿ ಒಂದೆರಡು ದಿನದಲ್ಲಿ ಸಾಯುವುದುಂಟು. ಹಾಗಾಗಿ ಹಿಂಡನ್ನು ಸಾಗಿಸುವಾಗ ಸೂಜಿ ಬಿಟ್ಟು, ಬಟ್ಟೆಯ ಗೋಡೆ ಕಟ್ಟಿ ನಿಧಾನವಾಗಿ ದೊಡ್ಡಿಯೊಳಗೆ ಹೊಗಿಸುವ ವಿಧಾನ ಬಳಸುತ್ತಾರೆ.

ಕೈ ಪಳಗಿದವರಿಗೂ ಈ ಕೆಲಸ ಸುಲಭವಲ್ಲ. ಕಾಡಾನೆಗಳಿಗೆ ಅರಿವಳಿಕೆ ಹೊಡೆಯುವುದರಲ್ಲಿ ಹೆಸರಾಗಿದ್ದ ‘ಆನೆ ವೆಂಕಟೇಶ್’ 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡ ಆನೆಯೊಂದಕ್ಕೆ ಚಿಕಿತ್ಸೆಗೆಂದು ಡಾರ್ಟ್ ಹೊಡೆದಾಗ ಅದರ ದಾಳಿಗೆ ಸಿಕ್ಕು ತೀರಿಕೊಂಡರು. ಅದೇ ವರ್ಷ ನವೆಂಬರ್ 1ರಂದು ಬೆಂಗಳೂರಿನ ಕೂಡ್ಲು ಗೇಟ್ ಬಳಿ ಹಿಡಿಯಲು ಹೋದಾಗ ಚಿರತೆ ಪಶುವೈದ್ಯರ ಮೇಲೆಯೇ ಎರಗಿತು. ಕೊನೆಗೆ ಗುಂಡಿಗೆ ಬಲಿಯಾಯಿತು.

ಒಂದು ವಿನಾಯಿತಿ ಇದೆ. ಪ್ರಾಣಿ ಮೈಮೇಲೆ ಬಿದ್ದಾಗ ತನ್ನ ಅಥವಾ ಇನ್ನೊಬ್ಬರ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಹೊಡೆದರೆ ಅಪರಾಧವಲ್ಲ. ಆದರೆ ಆ ಹೊತ್ತಿನಲ್ಲಿ ನೀವೇ ಕಾಯ್ದೆ ಮುರಿಯುತ್ತಿದ್ದರೆ ಈ ರಕ್ಷಣೆ ಸಿಗದು. ಸೂಜಿ ಹೊಡೆಯಲು ಹೋಗಿ ಚಿರತೆ ತಿರುಗಿಬಿತ್ತು, ಅದಕ್ಕೇ ಗುಂಡು ಹಾರಿಸಿದೆ ಎಂದರೆ ನಡೆಯುವುದಿಲ್ಲ.

ಈಗ ನೀವು ಮಾಡಬೇಕಾದ್ದು. ಚಿರತೆ ಕಂಡರೆ ಅರಣ್ಯ ಸಹಾಯವಾಣಿ 1926 ಅಥವಾ ವಲಯ ಅರಣ್ಯಾಧಿಕಾರಿ ಕಚೇರಿಗೆ ಫೋನ್ ಮಾಡಿ. ಹೆಜ್ಜೆ ಗುರುತಿನ ಪಕ್ಕ ಅಳತೆಗೊಂದು ಪೆನ್ನಿಟ್ಟು ಫೋಟೊ ತೆಗೆಯಿರಿ. ಕುರಿ, ಕರು ಸತ್ತಿದ್ದರೆ ಇಲಾಖೆಯವರು ನೋಡುವ ತನಕ ಕದಲಿಸಬೇಡಿ. ಚಿಗರಿ ಮೇಯ್ದ ಬೆಳೆಗೂ ಪರಿಹಾರದ ಅರ್ಜಿ ಹಾಕಬಹುದು. ಪಹಣಿ, ಹಾನಿಯ ಫೋಟೊ ಜೊತೆಗಿರಲಿ, ತಡ ಮಾಡಬೇಡಿ.

ಇಲಾಖೆಯ ತಂಡ ಬಂದಾಗ ಮೊದಲು ತೊಡಕಾಗುವುದು ಮೊಬೈಲ್ ಹಿಡಿದು ಸುತ್ತುಗಟ್ಟುವ ಜನ. ಗದ್ದಲಕ್ಕೆ ಬೆದರಿದ ಚಿರತೆ ಯಾವ ಕಡೆ ನುಗ್ಗುತ್ತದೋ ಹೇಳಲಾಗದು. ನಿಮ್ಮ ಬೀಗರಿಗೆ ನೆರವಾಗುವ ಮನಸ್ಸಿದ್ದರೆ ಬಂದೂಕು ಮನೆಯಲ್ಲಿಟ್ಟು ಬಂದು ಆ ಜನರನ್ನು ಹಿಂದೆ ಸರಿಸಲಿ.