ಮೊಡವೆಯಲ್ಲ, ಟಿಎಸ್‌ಸಿ

ಆರೇಳು ವರ್ಷದ ಮಗುವಿಗೆ ಸಾಮಾನ್ಯವಾಗಿ ಮೊಡವೆ ಏಳುವುದಿಲ್ಲ. ನನ್ನ ಮಗಳ ಮೂಗಿನ ಅಕ್ಕಪಕ್ಕ ಎದ್ದಿದ್ದ ಕೆಂಪು ಗುಳ್ಳೆಗಳಿಗೆ ಕಡಲೆಹಿಟ್ಟು, ಅರಿಸಿನ, ಲೋಳೆಸರ ಎಂದವರಿಗೆಲ್ಲ ಇದನ್ನು ಹೇಳಿ ಹೇಳಿ ಸಾಕಾಗಿದೆ. ಅವಳಿಗಿರುವುದು ಟ್ಯೂಬರಸ್ ಸ್ಕ್ಲೆರೋಸಿಸ್ (ಟಿಎಸ್‌ಸಿ), ಸುಮಾರು 6,000 ಮಕ್ಕಳಲ್ಲಿ ಒಬ್ಬರಿಗೆ ಬರುವ ಆನುವಂಶಿಕ ಕಾಯಿಲೆ. ಆನುವಂಶಿಕ ಎಂದ ಕೂಡಲೇ ಯಾರ ಕಡೆಯಿಂದ ಬಂತು ಎಂಬ ಪಂಚಾಯಿತಿಕೆ ಶುರುವಾಗುತ್ತದೆ. ಆದರೆ ಮೂರರಲ್ಲಿ ಎರಡು ಪಾಲು ಮಕ್ಕಳಲ್ಲಿ ಜೀನ್ ದೋಷ ಹೊಸದಾಗಿಯೇ ಹುಟ್ಟಿರುತ್ತದೆ. ನಮ್ಮಲ್ಲೂ ಹಾಗೆಯೇ. ಅತ್ತೆಯವರ ಬಾಯಿ ಮುಚ್ಚಿಸಿದ್ದು ಜೀನ್ ಪರೀಕ್ಷೆಯ ವರದಿ!

ಟಿಎಸ್‌ಸಿ1 ಅಥವಾ ಟಿಎಸ್‌ಸಿ2 ಜೀನ್ ಕೆಟ್ಟಾಗ, ಜೀವಕೋಶಗಳನ್ನು ಬೆಳೆಸುವ ಎಂಟಾರ್ ಎಂಬ ಪ್ರೋಟೀನಿಗೆ ಲಗಾಮು ತಪ್ಪುತ್ತದೆ. ಮಿದುಳು, ಮೂತ್ರಪಿಂಡ, ಮುಖದ ಚರ್ಮ ಎಲ್ಲೆಂದರಲ್ಲಿ ಗಂಟುಗಳು ಏಳುತ್ತವೆ. ಆ ಎಂಟಾರನ್ನೇ ತಡೆಯುವ ಔಷಧ ಸಿರೋಲಿಮಸ್. ಈಸ್ಟರ್ ದ್ವೀಪದಿಂದ ತಂದ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಇದನ್ನು ಕಂಡುಕೊಂಡ ಸುರೇನ್ ಸೆಹಗಲ್ ಬನಾರಸ್‌ನಲ್ಲಿ ಓದಿದವರು. ಮೂತ್ರಪಿಂಡ ಕಸಿಯಾದವರು ನುಂಗುವ ಈ ಔಷಧ ಮುಖಕ್ಕೆ ಹಚ್ಚುವ 0.2 ಪರ್ಸೆಂಟ್ ಜೆಲ್ ಆಗಿ ಜಪಾನಿನಲ್ಲಿ 2018ರಲ್ಲಿ, ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಪಡೆಯಿತು.

ಕಷ್ಟವಿರುವುದು ಹಚ್ಚುವುದರಲ್ಲಿ. ಮೊದಮೊದಲು ಚುರುಚುರು ಉರಿಯುತ್ತದೆ, ಮಗು ಮುಖ ತಿರುಗಿಸುತ್ತದೆ. ಮುಖ ತೊಳೆದ ಮೇಲೆ ಪೂರ್ತಿ ಆರಲು ಬಿಟ್ಟು, ಬೆರಳ ತುದಿಯಲ್ಲಿ ತೆಳ್ಳಗೆ ಸವರಿದರೆ ನಮ್ಮವಳು ಸುಮ್ಮನಿರುತ್ತಾಳೆ. ಕಣ್ಣು, ಬಾಯಿಗೆ ತಾಗಬಾರದು. ಪರಚಿಕೊಂಡ ಗಾಯಕ್ಕೆ ಹಚ್ಚಬಾರದು. ಹಚ್ಚಿದವರು ಕೈ ತೊಳೆಯಬೇಕು. ಬಿಸಿಲಿಗೆ ಹೊರಟರೆ ಸನ್‌ಸ್ಕ್ರೀನ್ ಬೇಕೇ ಬೇಕು. ದಿನಾ ನೋಡುವ ಮುಖದಲ್ಲಿ ಬದಲಾವಣೆ ಕಾಣುವುದಿಲ್ಲ. ಅಡುಗೆಮನೆ ಕಿಟಕಿಯ ಬೆಳಕಿನಲ್ಲೇ ತಿಂಗಳಿಗೊಂದು ಫೋಟೊ ತೆಗೆದಿಟ್ಟೆ. ಮೊದಲು ಕೆಂಪು ಇಳಿದದ್ದು, ಆಮೇಲೆ ಸಣ್ಣ ಗುಳ್ಳೆಗಳು ಚಪ್ಪಟೆಯಾದದ್ದು ಅದರಿಂದಲೇ ಗೊತ್ತಾಯಿತು. ಹಣೆಯ ದಪ್ಪ ಗಂಟು ಮಾತ್ರ ಜಗ್ಗಲಿಲ್ಲ.

"ಇದು ವಾಸಿ ಮಾಡಲ್ಲಮ್ಮ, ಹಿಡಿದಿಡುತ್ತೆ ಅಷ್ಟೆ. ಬಿಟ್ಟರೆ ಮತ್ತೆ ಬರುತ್ತೆ" ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಹಾಗಾಗಿ ಮದುವೆ, ಜಾತ್ರೆ ಎಂದು ಊರಿಗೆ ಹೊರಟಾಗಲೂ ಟ್ಯೂಬು ಬ್ಯಾಗಿನಲ್ಲಿರುತ್ತದೆ. ಈ ಕಾಯಿಲೆಯಿಂದ ಬರುವ ಫಿಟ್ಸ್‌ಗೆ ಮಾತ್ರೆ ಬೇರೆ, ಅದು ನಡೆಯುತ್ತಲೇ ಇದೆ. ಮುಖ ತಿಳಿಯಾಯಿತೆಂದು ಮೂತ್ರಪಿಂಡದ ಸ್ಕ್ಯಾನನ್ನು ಮುಂದೂಡುವಂತಿಲ್ಲ. ಮುಲಾಮಿನ ಕೆಲಸ ಹಚ್ಚಿದ ಜಾಗಕ್ಕಷ್ಟೇ.